ಗುಂಯ್‌ಗುಡುವ ಐದು ವಾಟ್

ಅಮೆರಿಕದ ಗುಂಯ್‌ಗೂ ನಮ್ಮೂರಿನ ಗುಂಯ್‌ಗೂ ಶ್ರುತಿ ಬೇರೆ. ಅಲ್ಲಿ ಮನೆಗೆ ಬರುವ ಕರೆಂಟು ಸೆಕೆಂಡಿಗೆ 60 ಸಲ ತೂಗುತ್ತದೆ, ಇಲ್ಲಿ 50 ಸಲ. ಗಿಟಾರ್ ನುಡಿಸುವವರ ಮಾತಿನಲ್ಲಿ ಹೇಳಿದರೆ ಅವರದು ಎ ಶಾರ್ಪ್ ಮತ್ತು ಬಿ ನಡುವೆ ಸಿಕ್ಕಿಬಿದ್ದ ಸ್ವರ, ನಮ್ಮದು ಜಿಗಿಂತ ತುಸುವೇ ಮೇಲಿನದು. ಟ್ಯೂಬ್ ಆಂಪ್, ಅಂದರೆ ವಾಲ್ವ್ ಹಾಕಿದ ಗಿಟಾರ್ ಆಂಪ್ಲಿಫೈಯರ್ ಬಿಚ್ಚಿ ಅದರ ಗುಂಯ್ ಹುಡುಕುವವರಿಗೆ ಈ ಸ್ವರಜ್ಞಾನ ಬೇಕೇ ಬೇಕು. ಕಿವಿಗೆ ಬೀಳುತ್ತಿರುವುದು 50 ಹರ್ಟ್ಸ್ ಆದರೆ ಹೀಟರ್ ತಂತಿ, ಅರ್ತಿಂಗ್, ಗಿಟಾರಿನ ಪಿಕಪ್ ಇವುಗಳ ಮೇಲೆ ಅನುಮಾನ. ಅದರ ದುಪ್ಪಟ್ಟು, ಅಂದರೆ 100 ಹರ್ಟ್ಸ್ ಆದರೆ ಪವರ್ ಸಪ್ಲೈಯ ಕಂಡೆನ್ಸರ್ ಮೇಲೆ. ಸುಮಾರು ನೂರು ವರ್ಷಗಳಿಂದ ಸದ್ದು ಒಳನುಗ್ಗುತ್ತಿರುವುದು ಈ ಕೆಲವೇ ಬಾಗಿಲುಗಳಿಂದ. ಒಂದೊಂದು ಕಾಲದಲ್ಲಿ ಒಂದೊಂದು ಬಾಗಿಲು ಮುಚ್ಚಿದ್ದಾರೆ, ಆಮೇಲೆ ನಾಲ್ಕು ಕಾಸು ಉಳಿಸಲು ಹೋಗಿ ಅದನ್ನೇ ಮತ್ತೆ ತೆರೆದಿಟ್ಟಿದ್ದಾರೆ. ದೂರು ಮಾತ್ರ ಪಾಪ ವಾಲ್ವ್‌ನ ತಲೆಗೆ.

ಶುರುವಿನಲ್ಲಿ ವಾಲ್ವ್‌ಗೆ ಈ ಕಾಯಿಲೆಯೇ ಇರಲಿಲ್ಲ. ಫ್ಲೆಮಿಂಗ್ 1904ರಲ್ಲಿ ಡಯೋಡ್ ಮಾಡಿದ. 1906ರಲ್ಲಿ ಲೀ ಡಿ ಫಾರೆಸ್ಟ್‌ನ ಆಡಿಯಾನ್ ಬಂತು. ಆ ಕಾಲದ ರೇಡಿಯೋಗಳು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು, ಬ್ಯಾಟರಿಗೆ ಗುಂಯ್ ಗೊತ್ತಿಲ್ಲ. 1920ರ ದಶಕದಲ್ಲಿ ಜನ ಬ್ಯಾಟರಿ ಹೊತ್ತು ಸಾಕಾಗಿ ಗೋಡೆಯ ಕರೆಂಟಿಗೇ ರೇಡಿಯೋ ಜೋಡಿಸಬೇಕೆಂದಾಗ ತಾಪತ್ರಯ ಶುರುವಾಯಿತು. ಎಲೆಕ್ಟ್ರಾನ್ ಉಗುಳುವ ತಂತಿಗೇ ಏಸಿ ಹರಿಸಿದರೆ ಅದರ ತೂಗಾಟ ನೇರ ಸಂಗೀತದೊಳಗೆ ಇಳಿಯುತ್ತದೆ. 1927ರಲ್ಲಿ ಅಮೆರಿಕದಲ್ಲಿ ಬಂದ 227 ಎಂಬ ವಾಲ್ವ್ ಇದಕ್ಕೆ ಉತ್ತರ ಕೊಟ್ಟಿತು: ಕಾಯುವ ತಂತಿ (ಹೀಟರ್) ಬೇರೆ, ಎಲೆಕ್ಟ್ರಾನ್ ಬಿಡುವ ಕ್ಯಾಥೋಡ್ ಬೇರೆ. ಒಲೆ ಕೆಳಗೆ, ಪಾತ್ರೆ ಮೇಲೆ. ಇಂದಿಗೂ ಗಿಟಾರ್ ಆಂಪ್‌ಗಳ ಸಿಗ್ನಲ್ ವಾಲ್ವ್‌ಗಳೆಲ್ಲ ಹೀಗೆಯೇ ಇವೆ.

ಎರಡನೆಯ ಬಾಗಿಲು ಸ್ಪೀಕರ್ ಕಡೆ. ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ರೂಪ ಕೊಟ್ಟ ಸ್ಪೀಕರಿಗೆ ಶಾಶ್ವತ ಅಯಸ್ಕಾಂತದ ಬದಲು ತಂತಿಸುರುಳಿ ಇತ್ತು. ಆ ಸುರುಳಿಗೆ ಡಿಸಿ ಬೇಕು, ಪವರ್ ಸಪ್ಲೈಗೆ ಡಿಸಿಯಲ್ಲಿ ಉಳಿದ ಅಲೆಯನ್ನು ತಗ್ಗಿಸುವ ಚೋಕ್ ಎಂಬ ಸುರುಳಿ ಬೇಕು. ಎರಡಕ್ಕೂ ಒಂದೇ ಸುರುಳಿ ಬಳಸಿದರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಚೋಕ್ ಪುಕ್ಕಟೆ ಸಿಕ್ಕಿತು, ಆದರೆ ಸುರುಳಿಯಲ್ಲಿ ಉಳಿದ ಅಲೆ ಸ್ಪೀಕರಿನಲ್ಲೇ ಗುಂಯ್‌ಗುಟ್ಟತೊಡಗಿತು. ಅದನ್ನು ಕೊಲ್ಲಲು ಧ್ವನಿಸುರುಳಿಯ ಜೊತೆಗೆ ತದ್ವಿರುದ್ಧ ದಿಕ್ಕಿನಲ್ಲಿ ಕೆಲವು ಸುತ್ತು ತಂತಿ ಸುತ್ತಿದರು. ಗುಂಯ್‌ಗೆ ಗುಂಯ್ಯನ್ನೇ ಎದುರು ನಿಲ್ಲಿಸಿ ಕೊಲ್ಲುವ ಈ ಉಪಾಯ ಮುಂದೆ ಗಿಟಾರಿನಲ್ಲೂ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಶಾಶ್ವತ ಅಯಸ್ಕಾಂತದ ಸ್ಪೀಕರುಗಳು ಅಗ್ಗವಾದವು. ಸುರುಳಿ ಹೋಯಿತು, ಅದರ ಜೊತೆಗೆ ಪುಕ್ಕಟೆ ಚೋಕೂ ಹೋಯಿತು.

ಈ ನಡುವೆ 1930ರ ದಶಕದಲ್ಲಿ ರಿಕನ್‌ಬ್ಯಾಕರ್, ಆಮೇಲೆ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರುಗಳನ್ನು ಮಾರುಕಟ್ಟೆಗೆ ತಂದಿದ್ದವು. ಸಾವಿರಾರು ಸುತ್ತು ತಂತಿಯ ಪಿಕಪ್ ಅಂದರೆ ಒಂದು ಒಳ್ಳೆಯ ಆಂಟೆನಾ. ತಂತಿಯ ಕಂಪನದ ಜೊತೆ ಕೋಣೆಯ ಕರೆಂಟನ್ನೂ ಅದು ಹೀರುತ್ತದೆ. ಗಿಬ್ಸನ್‌ನಲ್ಲಿ ಆಂಪ್ ವಿನ್ಯಾಸ ಮಾಡುತ್ತಿದ್ದ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ಪಿಕಪ್‌ಗೆ ಪೇಟೆಂಟ್ ಕೇಳಿದ. 1957ರ ಹೊತ್ತಿಗೆ ಅದು ಗಿಟಾರುಗಳ ಮೇಲೆ ಕೂತಿತು. ಸ್ಪೀಕರಿನ ಎದುರುಸುರುಳಿಯ ತರ್ಕವೇ ಇದು. ಗಿಟಾರಿನ ಹಮ್ (ನಮ್ಮ ಗುಂಯ್) ತಗ್ಗಿಸುವ ದಾರಿಯನ್ನು ಆಂಪ್ ಎಂಜಿನಿಯರನೊಬ್ಬ ಹುಡುಕಿದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ.

ಪುಟ್ಟ ಆಂಪ್‌ನ ನಿಜವಾದ ಕತೆ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್‌ನಿಂದ. 1948ರ ಚಾಂಪಿಯನ್ 800ರಿಂದ ಹಿಡಿದು ಐವತ್ತರ ದಶಕದ ಕೊನೆಯ ಚಾಂಪ್‌ವರೆಗೆ ಅವನು ಕಲಿಯುವವರಿಗೆಂದು ಮಾಡಿದ ಪೆಟ್ಟಿಗೆಗಳ ಲೆಕ್ಕ ಸರಳ: ಮೂರು ವಾಲ್ವ್, ಎರಡು ಟ್ರಾನ್ಸ್‌ಫಾರ್ಮರ್, ಒಂದು ಗುಬ್ಬಿ. 5ಎಫ್1 ಎಂಬ ಚಾಂಪ್ ಸರ್ಕ್ಯೂಟನ್ನು ಇವತ್ತು ಲೋಕದ ತುಂಬ ಹವ್ಯಾಸಿಗಳು ಬೆಸುಗೆ ಹಾಕುತ್ತಾರೆ. ಸಿಗ್ನಲ್ ಹಿಗ್ಗಿಸಲು 12ಎಎಕ್ಸ್7, ಸ್ಪೀಕರ್ ಓಡಿಸಲು ಒಂಟಿ 6ವಿ6, ಏಸಿಯನ್ನು ಡಿಸಿ ಮಾಡಲು 5ವೈ3. ಹೊರಬರುವುದು ಸುಮಾರು ಐದು ವಾಟ್.

ಉಳಿತಾಯ ಎಲ್ಲೆಲ್ಲಿ ಎಂದು ನೋಡಿ. ಇದರ ಹಿಂದಿನ 5ಇ1ರಲ್ಲಿದ್ದ ಚೋಕನ್ನು ಕಿತ್ತು 10 ಕಿಲೋಓಮ್‌ನ ರೆಸಿಸ್ಟರ್ ಇಟ್ಟರು. ಹೀಟರಿನ 6.3 ವೋಲ್ಟ್ ತಂತಿಯಲ್ಲಿ ಒಂದು ತುದಿಯನ್ನು ಚಾಸಿಗೇ (ಆಂಪ್ ಒಳಗಿನ ಲೋಹದ ಚೌಕಟ್ಟಿಗೇ) ಕಚ್ಚಿಸಿ, ಇನ್ನೊಂದನ್ನು ಮಾತ್ರ ವಾಲ್ವ್‌ಗಳಿಗೆ ಒಯ್ದರು. ಪವರ್ ವಾಲ್ವ್ ಒಂದೇ. ದೊಡ್ಡ ಆಂಪ್‌ಗಳಲ್ಲಿ ಎರಡು ವಾಲ್ವ್ ಎದುರುಬದುರು ಕೂತು ಸಪ್ಲೈಯ ಅಲೆಯನ್ನು ತಮ್ಮೊಳಗೇ ರದ್ದು ಮಾಡಿಕೊಳ್ಳುವಂತೆ ಇಲ್ಲಿ ಆಗದು. ಮೊದಲ ಫಿಲ್ಟರ್ ಕಂಡೆನ್ಸರ್ ಬರೀ 16 ಮೈಕ್ರೋಫ್ಯಾರಡ್. 45 ಮಿಲಿಆಂಪಿಯರ್ ಎಳೆತಕ್ಕೆ ಲೆಕ್ಕ ಹಾಕಿದರೆ, ನಮ್ಮ 50 ಹರ್ಟ್ಸ್‌ನಲ್ಲಿ ಅಲ್ಲಿ 25ರಿಂದ 30 ವೋಲ್ಟ್‌ನಷ್ಟು ಅಲೆ ನಿಲ್ಲುತ್ತದೆ. ಅಮೆರಿಕದಲ್ಲಿ ಇದಕ್ಕಿಂತ ಆರನೇ ಒಂದು ಭಾಗ ಕಡಿಮೆ. ಅಲ್ಲಿಂದ ತಂದ ಆಂಪನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಇಲ್ಲಿ ಓಡಿಸುವವರು ನೆನಪಿಡಬೇಕು: ವೋಲ್ಟೇಜು ಇಳಿಯುತ್ತದೆ, ಹರ್ಟ್ಸ್ ಏರುವುದಿಲ್ಲ. ಅಲೆಯೂ ಹೆಚ್ಚು, ಟ್ರಾನ್ಸ್‌ಫಾರ್ಮರಿನ ಬಿಸಿಯೂ ಹೆಚ್ಚು.

ಇಷ್ಟಾದರೂ ಚಾಂಪ್ ಹೇಗೆ ಬದುಕಿತು? ಒಂದು, 6ವಿ6ರ ಗುಣ. ಪ್ಲೇಟ್ ವೋಲ್ಟೇಜು ಅಲುಗಿದರೂ ಅದರ ಕರೆಂಟು ಹೆಚ್ಚು ಅಲುಗುವುದಿಲ್ಲ, ಅಲುಗಿಸುವುದು ವಾಲ್ವ್ ಒಳಗಿನ ಸ್ಕ್ರೀನ್ ಗ್ರಿಡ್. ಆ ಸ್ಕ್ರೀನಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ಮತ್ತು 8 ಮೈಕ್ರೋಫ್ಯಾರಡ್ ಸೇರಿ ಅಲೆಯನ್ನು ಸುಮಾರು ಐವತ್ತನೇ ಒಂದಕ್ಕೆ ಇಳಿಸುತ್ತವೆ. ಎರಡು, ಸ್ಪೀಕರಿನಿಂದ ಹಿಂದಕ್ಕೆ ಬರುವ 22 ಕಿಲೋಓಮ್‌ನ ನೆಗೆಟಿವ್ ಫೀಡ್‌ಬ್ಯಾಕ್ ಉಳಿದುದನ್ನು ಇನ್ನಷ್ಟು ತಗ್ಗಿಸುತ್ತದೆ. ಮೂರನೆಯದು ನನಗೆ ಬಲು ಇಷ್ಟವಾದದ್ದು: ಎಂಟು ಇಂಚಿನ ಸ್ಪೀಕರು, ಹಿಂಬದಿ ತೆರೆದ ಪುಟಾಣಿ ಪೆಟ್ಟಿಗೆ. ಅದಕ್ಕೆ ಅಷ್ಟು ಕೆಳಗಿನ ಸ್ವರ ಹಾಡಲಿಕ್ಕೇ ಬಾರದು. ಗುಂಯ್ ಒಳಗೇ ಇತ್ತು, ಕೇಳಿಸುತ್ತಿರಲಿಲ್ಲ ಅಷ್ಟೆ. ಇದೇ ಆಂಪನ್ನು ಹನ್ನೆರಡು ಇಂಚಿನ ಸ್ಪೀಕರಿನ ಕ್ಯಾಬಿನೆಟ್ಟಿಗೆ ಜೋಡಿಸಿದವರು ಆಂಪ್ ಕೆಟ್ಟಿತೆಂದು ಕೈ ಹಿಸುಕಿಕೊಳ್ಳುವುದು ಇದಕ್ಕೇ.

ಫೆಂಡರ್‌ಗಿಂತ ಅಗ್ಗದವೂ ಇದ್ದವು, ಅವುಗಳದು ಬರೀ ಸದ್ದಿನ ಪ್ರಶ್ನೆಯಲ್ಲ. ಆ ಕಾಲದ ಅಮೆರಿಕದಲ್ಲಿ ಅತಿ ಕಡಿಮೆ ಬೆಲೆಗೆ ಮಾರಿದ ಕೆಲವು ಆಂಪ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ಹೀಟರುಗಳನ್ನು ದೀಪಾವಳಿಯ ಸೀರಿಯಲ್ ಸೆಟ್ಟಿನಂತೆ ಸಾಲಾಗಿ ಪೋಣಿಸಿ ನೇರ ಗೋಡೆಯ ಕರೆಂಟಿಗೆ ಹಚ್ಚಿಬಿಡುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಇದ್ದ ಆಂಪ್‌ಗಳಲ್ಲೂ ಎರಡೇ ಪಿನ್ನಿನ ಪ್ಲಗ್, ಹಮ್ ತಗ್ಗಿಸಲು ಕರೆಂಟ್ ತಂತಿಯಿಂದ ಚಾಸಿಗೆ ಒಂದು ಕಂಡೆನ್ಸರ್. ಅದು ಶಾರ್ಟ್ ಆದರೆ ಗಿಟಾರಿನ ತಂತಿಯೇ ಲೈವ್. ರಿಪೇರಿಯವರು ಅದಕ್ಕೆ ಸಾವಿನ ಕಂಡೆನ್ಸರ್ ಎಂದೇ ಹೆಸರಿಟ್ಟರು. 1972ರಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ, ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ತಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ಮೈಕ್ ಮುಟ್ಟಿ ಜೀವ ಬಿಟ್ಟ. ಹಳೆಯ ಆಂಪಿಗೆ ಮಾಡುವ ಮೊದಲ ಮಾರ್ಪಾಟು ಮೂರು ಪಿನ್ನಿನ ತಂತಿ, ಅದರ ಹಸಿರು ಎಳೆ ಚಾಸಿಗೆ ಗಟ್ಟಿಯಾಗಿ. ಹಮ್ ಹೋಗಲೆಂದು ಅರ್ತ್ ಪಿನ್ ಮುರಿಯುವ ಚಾಳಿ ಇವತ್ತಿಗೂ ಇದೆ. ಅದು ರಿಪೇರಿಯಲ್ಲ, ಆತ್ಮಹತ್ಯೆಯ ತಯಾರಿ.

ಅರವತ್ತರ ದಶಕದ ಕೊನೆಗೆ ಆಂಪ್ ಬಿಚ್ಚುವವರ ಉದ್ದೇಶ ಬದಲಾಯಿತು. ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಿನ ರ‍್ಯಾಂಡಲ್ ಸ್ಮಿತ್, ಹನ್ನೆರಡು ವಾಟಿನ ಫೆಂಡರ್ ಪ್ರಿನ್ಸ್‌ಟನ್ ಒಳಗೆ ಫೆಂಡರಿನದೇ ದೊಡ್ಡ ಬಾಸ್‌ಮನ್ ಸರ್ಕ್ಯೂಟನ್ನೂ ಹನ್ನೆರಡು ಇಂಚಿನ ಸ್ಪೀಕರನ್ನೂ ತುರುಕಿದ. ಗೆಳೆಯನೊಬ್ಬನಿಗೆ ಮಾಡಿದ ತಮಾಷೆ ಅದು. ಅದನ್ನು ನುಡಿಸಿ ನೋಡಿದ ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಆಡಿದ ಮಾತಿನಿಂದಲೇ ಬೂಗಿ ಎಂಬ ಹೆಸರು ಹುಟ್ಟಿತು. ಮೆಸಾ ಬೂಗಿ ಕಂಪನಿ ಬೆಳೆದದ್ದು ಅಲ್ಲಿಂದ. 1970ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಚಾಂಪ್ ಇಟ್ಟುಕೊಂಡೇ ಲೈಲಾ ಆಲ್ಬಂ ರೆಕಾರ್ಡ್ ಮಾಡಿದನೆಂಬ ಸುದ್ದಿ ಹರಡಿದ ಮೇಲೆ ಮಕ್ಕಳ ಆಂಪ್ ದೊಡ್ಡವರ ಆಂಪ್ ಆಯಿತು. ಆಗ ಎಲ್ಲರ ಕೈಗೂ ಬೆಸುಗೆಯ ಕಡ್ಡಿ ಬಂತು.

ಚಾಂಪ್‌ಗೆ ಮಾಡುವ ಜನಪ್ರಿಯ ಮಾರ್ಪಾಟುಗಳಲ್ಲಿ ಹೆಚ್ಚಿನವು ಗುಂಯ್ಯನ್ನು ಹೆಚ್ಚಿಸುವಂಥವೇ. ಫೀಡ್‌ಬ್ಯಾಕ್ ತಂತಿ ಕತ್ತರಿಸಿ ಸದ್ದನ್ನು ಒರಟಾಗಿಸುತ್ತಾರೆ. ಹಮ್ ತಡೆಯುತ್ತಿದ್ದ ಕಾವಲುಗಾರನನ್ನೂ ಅದರೊಂದಿಗೆ ಮನೆಗೆ ಕಳಿಸಿದಂತಾಗುತ್ತದೆ. ಮೊದಲ ಹಂತದ ಕ್ಯಾಥೋಡಿಗೆ 25 ಮೈಕ್ರೋಫ್ಯಾರಡ್ ಕಂಡೆನ್ಸರ್ ಕೂಡಿಸಿದರೆ ಆ ಹಂತದ ಗೇನ್ ಹತ್ತಿರ ಹತ್ತಿರ ಎರಡು ಪಟ್ಟು. ಪಿಕಪ್ ಹೊತ್ತು ತಂದ ಹಮ್ ಕೂಡ ಎರಡು ಪಟ್ಟು. ಆದರೆ ಒಂದು ವಿಚಿತ್ರವಿದೆ: ಹೀಟರಿನಿಂದ ಕ್ಯಾಥೋಡಿಗೆ ಸೋರುವ ಹಮ್ಮನ್ನು ಅದೇ ಕಂಡೆನ್ಸರ್ ನೆಲಕ್ಕೆ ಇಳಿಸಿಬಿಡುತ್ತದೆ. ಫೀಡ್‌ಬ್ಯಾಕ್ ಬಂದು ಸೇರುವ ಎರಡನೆಯ ಹಂತದ ಕ್ಯಾಥೋಡಿಗೆ ಇಂಥ ರಕ್ಷಣೆ ಕೊಡುವಂತಿಲ್ಲ. ಅದಕ್ಕೇ ಕೆಲವೊಮ್ಮೆ 12ಎಎಕ್ಸ್7 ಒಂದನ್ನು ಬದಲಿಸಿದರೆ ಸಾಕು, ಅರ್ಧ ಗುಂಯ್ ಮಾಯ.

ಹೀಟರಿನ ಬಾಗಿಲು ಮುಚ್ಚಲು ಸರಿಯಾದ ದಾರಿ ಹಳೆಯದು, ಅಗ್ಗದ್ದು ಕೂಡ. ಚಾಸಿಗೆ ಕಚ್ಚಿಸಿದ ತುದಿ ಬಿಡಿಸಿ, ಎರಡೂ ತಂತಿಗಳಿಂದ ತಲಾ 100 ಓಮ್ ರೆಸಿಸ್ಟರ್ ನೆಲಕ್ಕೆ ಕೊಟ್ಟು, ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆದರೆ ಒಂದರ ಗುಂಯ್ಯನ್ನು ಇನ್ನೊಂದು ನುಂಗುತ್ತದೆ. ಆ ರೆಸಿಸ್ಟರುಗಳ ಕೂಡುಬಿಂದುವನ್ನು ನೆಲದ ಬದಲು ಮೂವತ್ತು ನಲವತ್ತು ವೋಲ್ಟ್ ಪಾಸಿಟಿವ್‌ಗೆ ಎತ್ತಿಟ್ಟರೆ ಹೀಟರಿನಿಂದ ಕ್ಯಾಥೋಡಿಗೆ ಎಲೆಕ್ಟ್ರಾನ್ ಹಾರುವುದೇ ನಿಲ್ಲುತ್ತದೆ.

ಇವನ್ನೆಲ್ಲ ರಿಪೇರಿಯವರು ಬಾಯಿಮಾತಿನಲ್ಲಿ ದಾಟಿಸುತ್ತಿದ್ದರು. 1965ರಲ್ಲಿ ಜಾಕ್ ಡಾರ್ ಗಿಟಾರ್ ಆಂಪ್‌ಗಳಿಗೇ ಒಂದು ರಿಪೇರಿ ಕೈಪಿಡಿ ಬರೆದ. ತೊಂಬತ್ತರ ದಶಕದಲ್ಲಿ ಜೆರಾಲ್ಡ್ ವೆಬರ್ ಹಳೆಯ ಆಂಪ್‌ಗಳ ಒಳಮೈಯನ್ನು ಹವ್ಯಾಸಿಗಳಿಗೆ ತೆರೆದು ತೋರಿಸಿದ. 2009ರಲ್ಲಿ ಬಂದ ಮರ್ಲಿನ್ ಬ್ಲೆಂಕೋನ ಪುಸ್ತಕ ಊಹೆಯ ಜಾಗದಲ್ಲಿ ಲೆಕ್ಕವನ್ನು ಕೂರಿಸಿತು. ಒಂದನ್ನೇ ಓದುವುದಾದರೆ ಅದನ್ನೇ ಓದಿ ಎನ್ನುತ್ತೇನೆ.

ಇಷ್ಟು ತಿಳಿದ ಮೇಲೂ ಉಳಿತಾಯ ತನ್ನ ಬುದ್ಧಿ ಬಿಡಲಿಲ್ಲ. 2005ರ ಸುಮಾರಿಗೆ ಎಪಿಫೋನ್ ತಂದ ವಾಲ್ವ್ ಜೂನಿಯರ್ ಚಾಂಪ್‌ನ ಮೊಮ್ಮಗನಂತಿತ್ತು: ಒಂದು ಇಸಿಸಿ83 (12ಎಎಕ್ಸ್7ರದೇ ಯುರೋಪಿನ ಹೆಸರು), ಒಂದು ಇಎಲ್84, ಒಂದು ಗುಬ್ಬಿ, ಐದು ವಾಟ್. ಬೆಲೆ ಕಂಡು ಜನ ಮುಗಿಬಿದ್ದರು, ಮೊದಲ ಆವೃತ್ತಿಯ ಗುಂಯ್ ಕೇಳಿ ಸ್ಕ್ರೂಡ್ರೈವರ್ ಹುಡುಕಿದರು. ಮುಂದಿನ ಆವೃತ್ತಿಗಳಲ್ಲಿ ಕಂಪನಿಯೇ ಹೀಟರಿಗೆ ಡಿಸಿ ಕೊಟ್ಟಿತು. 1927ಕ್ಕೆ ಮುಂಚೆ ಬ್ಯಾಟರಿ ಮಾಡುತ್ತಿದ್ದ ಕೆಲಸವೇ ಅದು.

ಬಿಚ್ಚುವವರಿಗೆ ಒಂದು ಕ್ರಮವಿದೆ. ಗಿಟಾರ್ ಕೇಬಲ್ ಕಿತ್ತು ಕೇಳಿ. ಗುಂಯ್ ನಿಂತರೆ ಅಪರಾಧಿ ಆಂಪ್ ಅಲ್ಲ. ವಾಲ್ಯೂಮ್ ತಿರುಗಿಸಿ, ಸದ್ದು ಏರಿಳಿದರೆ ದೋಷ ಗುಬ್ಬಿಗಿಂತ ಮುಂಚೆ, ಏನೂ ಆಗದಿದ್ದರೆ ಅದರ ನಂತರ. 12ಎಎಕ್ಸ್7 ಕಿತ್ತರೂ ಗುಂಯ್ ಇದ್ದರೆ ಕಂಡೆನ್ಸರ್ ಅಥವಾ ಪವರ್ ಹಂತ. ನಾನು ಈ ಕ್ರಮ ಬಿಟ್ಟು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಕಂಡೆನ್ಸರುಗಳನ್ನೆಲ್ಲ ಒಂದು ಭಾನುವಾರ ಪೂರ್ತಿ ಕೂತು ಬದಲಿಸಿದ್ದೆ. ಸಂಜೆ ನೋಡಿದರೆ ಗುಂಯ್ ಬರುತ್ತಿದ್ದುದು ಹಿತ್ತಾಳೆ ತಗಡು ಸಡಿಲವಾದ ಗಿಟಾರಿನ ಜ್ಯಾಕಿನಿಂದ. ಇನ್ನೊಂದು ಮಾತು: ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮಿಗಿಲು ಕೂತಿರಬಹುದು. ಕಂಡೆನ್ಸರುಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡದೆ ಬೆರಳು ಇಡಬೇಡಿ.

ಈ ಕತೆಗೆ ಬೆಂಗಳೂರಿನದೂ ಒಂದು ಎಳೆಯಿದೆ. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ 1960ರ ದಶಕದ ಆರಂಭದಿಂದಲೇ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅದರ ಇಎಲ್84ಗಳನ್ನು ಗಿಟಾರ್ ಮಂದಿ ಈಗ ಹೊರದೇಶಗಳಲ್ಲೂ ಹುಡುಕಿ ಕೊಳ್ಳುತ್ತಾರೆ. ನಿಮ್ಮ ಅಟ್ಟದ ಮೇಲೆ ತಾತನ ಕಾಲದ ರೇಡಿಯೋ ಇದ್ದರೆ, ಗುಜರಿಗೆ ಹಾಕುವ ಮುನ್ನ ಹಿಂಬದಿಯ ರಟ್ಟು ತೆಗೆದು ವಾಲ್ವ್‌ಗಳ ಮೇಲಿನ ಅಕ್ಷರ ಒಮ್ಮೆ ಓದಿ.