ಹುಲ್ಲು ಕಚ್ಚಿದವರು

ಅಂಗಳದ ಗರಿಕೆಗೂ ಬಣವೆಯ ಭತ್ತದ ಕಡ್ಡಿಗೂ ಹುಲ್ಲೆಂಬ ಒಂದೇ ಹೆಸರನ್ನಿಟ್ಟು, ದಿನ ಬೆಳಗಾದರೆ ಅದನ್ನೇ ದನಗಳ ಮುಂದೆ ಹರವುವ ನಮ್ಮ ಜನ, ಮಾತಿನಲ್ಲಿ ಮಾತ್ರ ಅದನ್ನು ಅಲ್ಪತೆಯ ಪರಮಾವಧಿಯೆಂದು ಎಣಿಸಿದ್ದಾರೆ: ಐಶ್ವರ್ಯವನ್ನು ಧಿಕ್ಕರಿಸಿದವನು ಅದನ್ನು ತೃಣವಾಗಿ ಕಂಡವನು, ದೈವದೆದುರು ನಾವೆಲ್ಲರೂ ಹುಲುಮಾನವರು. ಅಶೋಕವನದಲ್ಲಿ ರಾವಣನಿಗೆ ಉತ್ತರವೀಯುವ ಮುನ್ನ ಸೀತೆ ನಡುವೆ ಒಂದು ಹುಲ್ಲುಕಡ್ಡಿಯನ್ನಿಟ್ಟಳೆಂಬ ವಾಲ್ಮೀಕಿಯ ಮಾತಿಗೂ, ಲಂಕೇಶ್ವರನ ಬೆಲೆ ಅಷ್ಟೇ ಎಂದು ಅರ್ಥ ಹೇಳುವವರುಂಟು. ಆದರೆ ರಣಾಂಗಣದಲ್ಲಿ ಆ ಕಡ್ಡಿಗೆ ಒಂದು ಪ್ರಾಣದ ಬೆಲೆಯಿದ್ದ ಕಾಲವೂ ಇತ್ತು.

ಹಳಗನ್ನಡ ಕಾವ್ಯಗಳಲ್ಲಿ ಸೋತವರು ಹುತ್ತವನ್ನೇರುತ್ತಾರೆ, ಇಲ್ಲವೆ ಹುಲ್ಲು ಕಚ್ಚುತ್ತಾರೆ. ಎರಡೂ ಶರಣಾಗತಿಯ ಚಿಹ್ನೆಗಳು. ಆಯುಧವನ್ನು ಬಿಸುಟು, ಕಾಲ ಬುಡದ ಹುಲ್ಲನ್ನು ಕಿತ್ತು ಹಲ್ಲುಗಳ ನಡುವೆ ಅಡ್ಡಲಾಗಿ ಹಿಡಿದವನ ಬಾಯಿಂದ ಬೈಗುಳವಾಗಲಿ ಸವಾಲಾಗಲಿ ಹೊರಡದು; ಕೈಗಳೆರಡೂ ಮುಗಿಯಲು ಬಿಡುವಾಗಿರುತ್ತವೆ; ಗೆದ್ದವನ ಭಾಷೆ ಸೋತವನಿಗೆ ಬಾರದಿದ್ದರೂ ಅಭಿಪ್ರಾಯ ಇಬ್ಬರಿಗೂ ತಿಳಿಯುತ್ತದೆ. ಹುಲ್ಲು ಮೇಯುವುದು ಗೋವು, ಗೋವು ಅವಧ್ಯ. ಆದ್ದರಿಂದ ಹುಲ್ಲು ಕಚ್ಚಿದವನನ್ನು ಕೊಂದರೆ ಗೋಹತ್ಯೆಯ ಪಾಪ. ಹುಲಿ ಹಸಿದರೂ ಹುಲ್ಲು ತಿನ್ನದೆಂದು ಬೀಗುವ ವೀರನಿಗೆ ಇದಕ್ಕಿಂತ ಘೋರವಾದ ಅವಮಾನ ಬೇರೆಯಿರಲಿಲ್ಲ, ದಿಟ. ಆದರೆ ಆ ಕ್ಷಣದಲ್ಲಿ ಹೆಚ್ಚಿನ ಕಟ್ಟಿಗೆ ಒಳಗಾಗುತ್ತಿದ್ದವನು ಗೆದ್ದವನೇ ಎಂದು ನನ್ನ ಭಾವನೆ, ಏಕೆಂದರೆ ಎತ್ತಿದ ಕತ್ತಿಯನ್ನು ಅವನು ಇಳಿಸಲೇಬೇಕಾಗಿತ್ತು.

ಪ್ರಶಸ್ತಿಗಳನ್ನು ಬರೆದ ಕವಿಗಳು ಈ ಕಟ್ಟನ್ನು ಮರೆತು ಅವಮಾನವನ್ನೇ ಹಾಡಿದರು. ಶಾಕಂಭರಿಯ ಚಾಹಮಾನ ದೊರೆ ವೀಸಲದೇವನು 1164ರಲ್ಲಿ ಕೆತ್ತಿಸಿದ ಶಾಸನ, ವೈರಿಪತ್ನಿಯರ ಕಣ್ಣುಗಳಲ್ಲಿ ನೀರನ್ನೂ ವೈರಿಗಳ ಹಲ್ಲುಗಳ ನಡುವೆ ಹುಲ್ಲನ್ನೂ ತೋರಿಸಿ ಅವನ ಕೀರ್ತಿಯನ್ನು ಸಾರುತ್ತದೆ. ಅದನ್ನು ಕೆತ್ತಿಸಿದುದು, ಫಿರೋಜ್ ಷಾ ತುಘಲಕ್ ಮುಂದೆ ತೋಪ್ರಾದಿಂದ ದೆಹಲಿಗೆ ತರಿಸಿದ ಅಶೋಕಸ್ತಂಭದ ಮೇಲೆ. ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ಕೊಡಬೇಕೆಂಬ ಅಶೋಕನ ಆಜ್ಞೆ ಅದೇ ಕಲ್ಲಿನ ಮೇಲಿದೆ. ಹದಿನಾಲ್ಕು ಶತಮಾನಗಳ ಅಂತರದ ಈ ಎರಡು ಬರಹಗಳನ್ನು ಒಟ್ಟಿಗೆ ನೆನೆದಾಗ ನನಗೆ ವ್ಯಥೆಯಾಗುತ್ತದೆ.

ಹುಲ್ಲಿನ ಮರ್ಯಾದೆಯನ್ನು ಸರಿಯಾಗಿ ಅರಿತವನು ಧನಪಾಲ ಕವಿ. ಜೈನ ಗ್ರಂಥಕಾರ ಮೇರುತುಂಗನು ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಪೂರೈಸಿದ ‘ಪ್ರಬಂಧಚಿಂತಾಮಣಿ’ಯಲ್ಲಿ ಅವನ ಕಥೆ ಬರುತ್ತದೆ. ಧಾರೆಯ ಭೋಜರಾಜ ಬೇಟೆಯಲ್ಲಿದ್ದಾಗ ಧನಪಾಲ ಕೇಳಿದನಂತೆ: ಪ್ರಾಣಾಂತದಲ್ಲಿ ಒಮ್ಮೆ ಹುಲ್ಲು ಕಚ್ಚಿದ ಹಗೆಯನ್ನೂ ಬಿಟ್ಟುಬಿಡುವುದು ಧರ್ಮವಾದರೆ, ಹುಟ್ಟಿದಂದಿನಿಂದ ಹುಲ್ಲನ್ನೇ ಬಾಯಲ್ಲಿಟ್ಟುಕೊಂಡಿರುವ ಈ ಮೃಗಗಳನ್ನು ಕೊಲ್ಲುವುದು ಯಾವ ನ್ಯಾಯ? ರಾಜನು ಬಿಲ್ಲುಬಾಣಗಳನ್ನು ಮುರಿದು, ಅಂದಿನಿಂದ ಬೇಟೆಯನ್ನು ತ್ಯಜಿಸಿದನೆಂದು ಮೇರುತುಂಗ ಬರೆದಿದ್ದಾನೆ.