ಒಂದೇ ಕಂದಕದಲ್ಲಿ ಕರೆಂಟು ಮತ್ತು ಮಾತು

ಟೆಲಿಫೋನು ಬಳಕೆಗೆ ಬಂದಾಗ ಬಹುತೇಕ ಊರುಗಳಲ್ಲಿ ವಿದ್ಯುತ್ ಇರಲಿಲ್ಲ. 1876ರಲ್ಲಿ ಗ್ರಹಾಂ ಬೆಲ್ ಪೇಟೆಂಟ್ ಪಡೆದ ಮೇಲೆ ಕೆಲವು ವರ್ಷ ಒಂದು ಫೋನಿಗೆ ಒಂದೇ ತಂತಿ ಸಾಕಾಗಿತ್ತು. ಮರಳುವ ದಾರಿಗೆ ಟೆಲಿಗ್ರಾಫಿನವರಂತೆ ನೆಲವನ್ನೇ ನಂಬಿದ್ದರು. ಆಮೇಲೆ ವಿದ್ಯುತ್ ದೀಪ ಬಂತು, ಟ್ರಾಮ್ ಬಂತು. ಟ್ರಾಮಿನ ಕರೆಂಟೂ ಹಳಿಯಿಂದ ನೆಲಕ್ಕೆ ಸೋರುತ್ತಿತ್ತು. ಫೋನಿನಲ್ಲಿ ಮಾತಿಗಿಂತ ಗುಂಯ್‌ಗುಡುವ ಸದ್ದೇ ಜೋರಾಯಿತು. ವಿದ್ಯುತ್ ಮತ್ತು ಸಂವಹನದ ತಂತಿಗಳನ್ನು ಅಕ್ಕಪಕ್ಕ ಎಳೆಯುವ ಶಾಸ್ತ್ರ ಹುಟ್ಟಿದ್ದು ಈ ತಕರಾರಿನಿಂದ.

ಮೊದಲ ಪರಿಹಾರವೇ ಇಂದಿಗೂ ಅತ್ಯುತ್ತಮ ಪರಿಹಾರ. ನೆಲವನ್ನು ಬಿಟ್ಟು ಎರಡು ತಂತಿ ಬಳಸಿ, ಅವೆರಡನ್ನೂ ಹೊಸೆಯಿರಿ ಎಂಬ ಉಪಾಯಕ್ಕೆ ಬೆಲ್ 1881ರಲ್ಲಿ ಪೇಟೆಂಟ್ ಪಡೆದರು. ಪಕ್ಕದ ವಿದ್ಯುತ್ ತಂತಿಯ ಕಾಂತಕ್ಷೇತ್ರ ಹೊಸೆದ ಎರಡೂ ಎಳೆಗಳಲ್ಲಿ ಹೆಚ್ಚುಕಡಿಮೆ ಸಮನಾದ ವೋಲ್ಟೇಜ್ ಹುಟ್ಟಿಸುತ್ತದೆ. ಇನ್ನೊಂದು ತುದಿಯ ಉಪಕರಣ ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವುದರಿಂದ ಸಮನಾದದ್ದು ಕಳೆದುಹೋಗುತ್ತದೆ, ಮಾತು ಉಳಿಯುತ್ತದೆ. ಇಂದಿನ ಲ್ಯಾನ್ ಕೇಬಲ್ಲಿನ ಸಿಪ್ಪೆ ಸುಲಿದು ನೋಡಿ: ನಾಲ್ಕು ಜೋಡಿ ಎಳೆಗಳು, ಒಂದೊಂದು ಜೋಡಿಯ ಹೊಸೆತದ ಬಿಗಿ ಒಂದೊಂದು ಬಗೆ. ಕಿತ್ತಳೆ ಜೋಡಿಯ ಸಿಗ್ನಲ್ ಹಸಿರು ಜೋಡಿಗೆ ಅಂಟದಿರಲಿ ಎಂದೇ ಈ ವ್ಯತ್ಯಾಸ. ತುದಿಗೆ ಪ್ಲಗ್ ಹಾಕುವಾಗ ಹೊಸೆತವನ್ನು ಉದ್ದಕ್ಕೆ ಬಿಚ್ಚಬಾರದು ಎನ್ನುವುದೂ ಇದಕ್ಕೇ.

ಅತ್ತ ವಿದ್ಯುತ್ ಕೂಡ ನೆಲದೊಳಗೆ ಇಳಿಯಿತು. ಇಂಗ್ಲೆಂಡಿನ ಎಂಜಿನಿಯರ್ ಫೆರಾಂಟಿ ಡೆಪ್ಟ್‌ಫರ್ಡ್‌ನಿಂದ ಮಧ್ಯ ಲಂಡನ್ನಿಗೆ ಕಾಗದ ಸುತ್ತಿದ ಕೇಬಲ್ಲಿನಲ್ಲಿ 10,000 ವೋಲ್ಟ್ ಹರಿಸಿದ್ದು 1890ರ ಆಸುಪಾಸಿನಲ್ಲಿ. ಭೂಗತ ಕೇಬಲ್ ಫೋನಿಗೆ ಒಂದು ಲೆಕ್ಕದಲ್ಲಿ ಸೌಮ್ಯ ನೆರೆಯವನು. ಮೂರು ಫೇಸುಗಳು ಒಂದೇ ಹೊದಿಕೆಯೊಳಗೆ ಒತ್ತಾಗಿರುತ್ತವೆ, ಅವುಗಳ ಕರೆಂಟಿನ ಮೊತ್ತ ಸೊನ್ನೆಗೆ ಹತ್ತಿರ. ಹಾಗಾಗಿ ತುಸು ದೂರ ಸರಿದರೆ ಕಾಂತಕ್ಷೇತ್ರ ಅತ್ಯಲ್ಪ. ನಿಜವಾದ ಅಪಾಯ ಇರುವುದು ಕೇಬಲ್ ಕೆಟ್ಟ ಗಳಿಗೆಯಲ್ಲಿ. ಒಂದು ಫೇಸು ಭೂಮಿಗೆ ತಗುಲಿದರೆ ಸಾವಿರಾರು ಆಂಪಿಯರ್ ನೆಲದ ಮೂಲಕ ಮರಳುತ್ತದೆ. ಸಮಾನಾಂತರವಾಗಿ ಸಾಗುವ ಫೋನ್ ಕೇಬಲ್ಲಿನಲ್ಲಿ ಆ ಕ್ಷಣಕ್ಕೆ ನೂರಾರು ವೋಲ್ಟ್ ಏಳಬಹುದು. ಈ ಲೆಕ್ಕಕ್ಕೆ ಬುನಾದಿ ಹಾಕಿದವರು ಅಮೆರಿಕದ ಜಾನ್ ಕಾರ್ಸನ್ ಮತ್ತು ಜರ್ಮನಿಯಲ್ಲಿದ್ದ ಪೊಲ್ಲಾಚೆಕ್. ಇಬ್ಬರೂ 1926ರಲ್ಲಿ, ಬೇರೆಬೇರೆಯಾಗಿ, ನೆಲದ ಮೂಲಕ ಮರಳುವ ಕರೆಂಟಿನ ಪ್ರಭಾವವನ್ನು ಸೂತ್ರಕ್ಕಿಳಿಸಿದರು. ಇಂಥ ದೋಷದ ಕ್ಷಣಕ್ಕೆ ಫೋನ್ ಮಾರ್ಗದಲ್ಲಿ 430 ವೋಲ್ಟ್, ಹೆಚ್ಚು ವಿಶ್ವಾಸಾರ್ಹವಾದ ವಿದ್ಯುತ್ ಮಾರ್ಗವಾದರೆ 650 ವೋಲ್ಟ್ ದಾಟಬಾರದು ಎಂಬ ಅಂತರರಾಷ್ಟ್ರೀಯ ಮಿತಿಯೂ ಬಂತು.

ಭಾರತದಲ್ಲಿ ಈ ಸಮಸ್ಯೆ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು ರೈಲ್ವೆಗೆ. 1959–60ರ ಸುಮಾರಿಗೆ ರಾಜಖರಸ್ವಾನ್–ಡೋಂಗುವಾಪೋಸಿ ನಡುವೆ 25 ಕಿಲೋವೋಲ್ಟ್ ಎಸಿ ವಿದ್ಯುತ್ತಿನಲ್ಲಿ ರೈಲು ಓಡಿಸುವುದು ಶುರುವಾಯಿತು. ಮೇಲೊಂದು ತಂತಿ, ಮರಳಲು ಹಳಿ ಮತ್ತು ನೆಲ. ಫೋನಿಗೆ ಇದಕ್ಕಿಂತ ಕೆಟ್ಟ ನೆರೆ ಇಲ್ಲ. ವಿದ್ಯುದೀಕರಣ ಮುಂದುವರಿದಂತೆ ಹಳಿಯ ಪಕ್ಕದ ಕಂಬದ ತಂತಿಗಳು ಲೋಹದ ಹೊದಿಕೆ ತೊಟ್ಟು ನೆಲದೊಳಗೆ ಸೇರಿದವು. ಉಳಿದ ಕಡೆ ಹೆಚ್ಚಿನ ವೋಲ್ಟೇಜಿನ ಮಾರ್ಗ ಎಳೆಯುವ ಮುನ್ನ ವಿದ್ಯುತ್ ಮತ್ತು ದೂರಸಂಪರ್ಕದವರು ಕೂಡಿರುವ ಪಿಟಿಸಿಸಿ ಎಂಬ ಸಮನ್ವಯ ಸಮಿತಿಯ ಒಪ್ಪಿಗೆ ಬೇಕು. 2003ರ ವಿದ್ಯುತ್ ಕಾಯ್ದೆಯ 160ನೇ ಕಲಮು ಈ ಎಚ್ಚರಿಕೆಯ ಹೊಣೆಯನ್ನು ವಿದ್ಯುತ್ತಿನವರ ಮೇಲೆಯೇ ಹೊರಿಸಿದೆ.

ಹಾಗಾದರೆ ನೆಲದೊಳಗೆ ಕರೆಂಟಿನ ಕೇಬಲ್ಲಿಗೂ ಫೋನಿನ ಕೇಬಲ್ಲಿಗೂ ನಡುವೆ ಎಷ್ಟು ದೂರ ಬಿಡಬೇಕು? ನಮ್ಮ ಐಎಸ್ 1255 ಸಂಹಿತೆ ಹೇಳುವುದು 30 ಸೆಂಟಿಮೀಟರ್; ಅಮೆರಿಕದ ಸಂಹಿತೆಯ ರೂಢಿಯೂ ಒಂದಡಿಯೇ. ಆದರೆ ಅದೇ ಅಮೆರಿಕದಲ್ಲಿ, ಲೋಹದ ಹೊದಿಕೆಗಳನ್ನು ಒಂದಕ್ಕೊಂದು ಜೋಡಿಸಿ ಅರ್ಥಿಂಗ್ ಮಾಡುವುದೇ ಮೊದಲಾದ ಷರತ್ತುಗಳ ಮೇಲೆ, ಎರಡನ್ನೂ ಅಂತರವಿಲ್ಲದೆ ಒಂದೇ ಕಂದಕದಲ್ಲಿ ಮಲಗಿಸಲು ಅನುಮತಿ ಇದೆ. ಸದ್ದು ಮಾತ್ರ ಸಮಸ್ಯೆಯಾಗಿದ್ದರೆ ಅಡಿಗಟ್ಟಲೆ ಅಂತರ ಬೇಕಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ. ನನ್ನ ಮಟ್ಟಿಗೆ ಆ ಒಂದಡಿ ಇರುವುದು ಮುಂದೆ ಅಗೆಯುವವನ ಜೀವಕ್ಕಾಗಿ. 11 ಕಿಲೋವೋಲ್ಟ್ ಕೇಬಲ್ 90 ಸೆಂಟಿಮೀಟರ್ ಆಳದಲ್ಲಿರಬೇಕು. ಕೆಳಗೆ ಮರಳಿನ ಹಾಸು, ಮೇಲೆ ಇಟ್ಟಿಗೆ ಇಲ್ಲವೇ ಹೆಂಚು, ಅದರ ಮೇಲೆ ಎಚ್ಚರಿಕೆಯ ಟೇಪು. ಹಾರೆಗೆ ಇಟ್ಟಿಗೆ ಸಿಕ್ಕ ತಕ್ಷಣ ಕೈ ನಿಲ್ಲಬೇಕು. ಫೋನಿನ ಜಾಯಿಂಟ್ ಮಾಡಲು ಕೂತವನ ಮೊಣಕೈ ಪಕ್ಕದಲ್ಲೇ ಕರೆಂಟಿನ ಕೇಬಲ್ ಇದ್ದರೆ ಆ ಇಟ್ಟಿಗೆಯಿಂದ ಅವನಿಗೇನೂ ಉಪಯೋಗವಿಲ್ಲ.

ಆಪ್ಟಿಕಲ್ ಫೈಬರ್ ಈ ಕಥೆಯ ಅರ್ಧ ಭಾಗವನ್ನು ಅಳಿಸಿಹಾಕಿತು. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಹಾಕ್‌ಹ್ಯಾಮ್ ಸಾಧ್ಯತೆ ತೋರಿಸಿದರು, 1970ರಲ್ಲಿ ಕಾರ್ನಿಂಗ್‌ನವರು ಬೆಳಕು ದೂರ ಸಾಗಬಲ್ಲಂಥ ಗಾಜಿನ ಎಳೆ ತೆಗೆದರು. ಗಾಜಿಗೆ ಕಾಂತಕ್ಷೇತ್ರದ ಗೊಡವೆಯೇ ಇಲ್ಲ. ಹೈಟೆನ್ಷನ್ ಗೋಪುರಗಳ ತುದಿಯ ಅರ್ಥ್ ತಂತಿಯೊಳಗೇ ಈಗ ಫೈಬರ್ ಸಾಗುತ್ತಿದೆ. ಒಂದು ಮಾತು ಮಾತ್ರ ನೆನಪಿರಲಿ: ಇಲಿಯಿಂದ ಕಾಪಾಡಲು ಉಕ್ಕಿನ ಕವಚ ಹಾಕಿದ ಫೈಬರ್ ಕೇಬಲ್ ಲೋಹದ ಕೇಬಲ್ಲೇ, ಅದರ ಕವಚಕ್ಕೆ ಹಳೆಯ ನಿಯಮಗಳೆಲ್ಲ ಅನ್ವಯಿಸುತ್ತವೆ.

ಉಳಿದಿರುವುದು ಜೆಸಿಬಿಯ ಸಮಸ್ಯೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಫೈಬರ್ ತುಂಡಾಗುತ್ತದೆ ಎಂಬ ಸರ್ಕಾರದ ಅಂದಾಜಿನ ಹಿನ್ನೆಲೆಯಲ್ಲಿ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಪಾದಚಾರಿ ಮಾರ್ಗದ ಕೆಳಗೆ ಕರೆಂಟಿಗೆ, ದೂರಸಂಪರ್ಕಕ್ಕೆ, ನೀರಿಗೆ ಬೇರೆಬೇರೆ ಜಾಗ ಕೊಟ್ಟದ್ದು ಇದೇ ದಿಕ್ಕಿನ ಒಳ್ಳೆಯ ಹೆಜ್ಜೆ. ಎಲ್ಲ ರಸ್ತೆಗೂ ಇದು ಬರಬೇಕು.

ಮನೆಯಿಂದ ತೋಟದ ಪಂಪ್‌ಶೆಡ್ಡಿಗೆ ಕ್ಯಾಮೆರಾಕ್ಕೆಂದು ಕೇಬಲ್ ಎಳೆಯುವವರು ಮೋಟರಿನ ಕರೆಂಟ್ ಪೈಪಿನೊಳಗೇ ಲ್ಯಾನ್ ಕೇಬಲ್ ತೂರಿಸಬೇಡಿ. ಬೇರೆ ಪೈಪು ಹಾಕಿ, ಒಂದಡಿ ದೂರವಿಡಿ, ಆದಷ್ಟು ಲೋಹವಿಲ್ಲದ ಫೈಬರನ್ನೇ ಆರಿಸಿ; ಸಿಡಿಲು ಬಡಿದರೂ ಅದರ ಮೂಲಕ ಮನೆಯೊಳಗೆ ಬಾರದು. ಮಣ್ಣು ಮುಚ್ಚುವ ಮೊದಲು ಕಂದಕದ ಫೋಟೊ ತೆಗೆದು, ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಬರೆದಿಡಿ. ಮುಂದೆ ಅಲ್ಲಿ ಅಗೆಯಲು ಬರುವವನಿಗೆ ಅದನ್ನು ಮೊದಲು ತೋರಿಸಿ.