ಮೇಮಾರ್‌ನಿಂದ ಆರ್ಕಿಟೆಕ್ಟ್‌ವರೆಗೆ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮಕ್ಕಳು ‘ಹೊಯ್ಸಳರು’ ಎನ್ನುತ್ತಾರೆ. ಸ್ವಲ್ಪ ಹೆಚ್ಚು ಓದಿದವರು ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ, ಇಸವಿ 1224 ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಪೋಲಾಳ್ವ ಕಟ್ಟಿಸಿದವನು, ಕಟ್ಟಿದವನಲ್ಲ. ವ್ಯಾಕರಣದಲ್ಲಿ ನಾವು ಪ್ರೇರಣಾರ್ಥಕವೆಂದು ಕಲಿಸುವ ಆ ಒಂದು ‘ಇಸು’ ಪ್ರತ್ಯಯದ ಹಿಂದೆ ಕಂಬದ ಅಳತೆ, ಕಲ್ಲಿನ ಭಾರ, ಬೆಳಕಿನ ದಾರಿಯನ್ನು ಲೆಕ್ಕ ಹಾಕಿದ ಒಬ್ಬ ಮನುಷ್ಯ ಮರೆಯಾಗಿದ್ದಾನೆ.

ಎಲ್ಲ ಕಡೆಯೂ ಹೀಗಾಗಿಲ್ಲ. 1268ರಲ್ಲಿ ಹರಿಹರದ ಈ ದೇವಾಲಯಕ್ಕೆ ಸೇರ್ಪಡೆಗಳನ್ನು ಮಾಡಿಸಿದ ಸೋಮ ದಂಡನಾಯಕನೇ ಸೋಮನಾಥಪುರವನ್ನು ಕಟ್ಟಿಸಿದವನು. ಅಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್‌ನ ಹೆಸರಿದೆ. ಅದೇ ಊರಿನಲ್ಲಿ ಸೆಕಾಬ್ ಶಿಕ್ಷಣ ಸಂಸ್ಥೆಯವರು ತಮ್ಮ ವಾಸ್ತುಶಿಲ್ಪ ಕಾಲೇಜಿಗೆ ಬಾದಷಹನ ಹೆಸರಿಡದೆ ಮಲಿಕ್ ಸಂದಲ್‌ನ ಹೆಸರಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಉರ್ದುವಿನ ‘ಮೇಮಾರ್’ ಎಂಬ ಪದವನ್ನು ಗಮನಿಸಿ. ‘ಇಮಾರತ್’ ಎಂಬುದೂ ಇದೇ ಮೂಲದ ಪದ. ನಕ್ಷೆ ಹಾಕುವವನೂ ಮೇಮಾರ್, ಇಟ್ಟಿಗೆ ಇಡುವವನೂ ಮೇಮಾರ್. ತಾಜ್‌ಮಹಲಿನ ಉಸ್ತಾದ್ ಅಹ್ಮದ್ ಲಾಹೋರಿಯನ್ನು ಕರೆದದ್ದು ಈ ಪದದಿಂದಲೇ. ಅವನ ಮಗ ಲುತ್ಫುಲ್ಲಾನ ಹೆಸರಿನ ಜೊತೆ ‘ಮುಹಂದಿಸ್’ ಸೇರಿತ್ತು, ಅಂದರೆ ರೇಖಾಗಣಿತ ಬಲ್ಲವನು. ತಾಜನ್ನು ಕಟ್ಟಿದವರು ತನ್ನ ತಂದೆಯೆಂದು ಬರೆದಿಟ್ಟವನೂ ಈ ಮಗನೇ. ಕೈಯ ಹುನರ್ ಮತ್ತು ಪುಸ್ತಕದ ಇಲ್ಮ್ ಒಂದೇ ಮನೆಯಲ್ಲಿದ್ದವು.

ಇವೆರಡೂ ಬೇರೆಯಾದದ್ದು ಬ್ರಿಟಿಷರ ಕಾಲದಲ್ಲಿ. ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಗಳ ಸೇತುವೆ ಮುಗಿದದ್ದು 1868ರಲ್ಲಿ. ತಲಾ 60 ಅಡಿ ಅಗಲದ 14 ಕಮಾನುಗಳು. ಇಂಥ ಕೆಲಸಗಳಲ್ಲಿ ನಕ್ಷೆ ಕಚೇರಿಯಿಂದ ಬರುತ್ತಿತ್ತು. ನಮ್ಮವರ ಪಾಲಿಗೆ ಉಳಿದದ್ದು ಗಾರೆ ಮತ್ತು ಕರಣೆ. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ವಾಸ್ತುಶಿಲ್ಪದ ಪೂರ್ಣ ಪಾಠಕ್ರಮ ಬಂತು. ಅಲ್ಲಿಂದ 1936ರಲ್ಲಿ ಪೆರಿನ್ ಮಿಸ್ತ್ರಿ ಎಂಬ ಪಾರ್ಸಿ ಯುವತಿ ತೇರ್ಗಡೆಯಾಗಿ ಹೊರಬಂದರು. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎನ್ನುವ ತಂದೆ ತಾಯಿಯರು ಈ ಇಸವಿಯನ್ನು ನೆನಪಿಟ್ಟುಕೊಳ್ಳಬೇಕು. ಹಬೀಬ್ ರೆಹಮಾನ್ ಎಂಬುವರು ಕಲ್ಕತ್ತೆಯ ಕಡೆ ಇಂಜಿನಿಯರಿಂಗ್ ಓದಿ, ಅದು ಸಾಲದೆಂದು ಅಮೆರಿಕದ ಎಂ.ಐ.ಟಿ.ಗೆ ಹೋಗಿ ವಾಸ್ತುಶಿಲ್ಪ ಕಲಿತರು. ದೆಹಲಿಯಲ್ಲಿರುವ ಮೌಲಾನಾ ಆಜಾದರ ಸಮಾಧಿ ಅವರ ವಿನ್ಯಾಸ.

1972ರ ವಾಸ್ತುಶಿಲ್ಪಿಗಳ ಕಾಯಿದೆ ಬಂದ ಮೇಲೆ, ಮಂಡಳಿಯಲ್ಲಿ ನೋಂದಾಯಿಸಿದವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಹೇಳಿಕೊಳ್ಳಬಹುದು. ಮೂವತ್ತು ವರ್ಷ ಮನೆ ಕಟ್ಟಿದ ಮೇಸ್ತ್ರಿಗೂ ಆ ಹೆಸರಿಲ್ಲ. ಕಾಯಿದೆಯನ್ನು ನಾನು ದೂರುವುದಿಲ್ಲ. ಆದರೆ ದಾವಣಗೆರೆಯಲ್ಲಿ ಗಾರೆ, ಸೆಂಟ್ರಿಂಗ್, ಟೈಲ್ಸ್ ಕೆಲಸಕ್ಕೆ ಬೆಳಿಗ್ಗೆ ಬುತ್ತಿ ಹಿಡಿದು ಹೊರಡುವ ನಮ್ಮ ಜನ ಎಷ್ಟಿದ್ದಾರೆಂದು ನೀವೇ ನೋಡಿದ್ದೀರಿ. ಅವರ ಮಕ್ಕಳಲ್ಲಿ ಆರ್ಕಿಟೆಕ್ಟ್ ಆದವರನ್ನು ಹುಡುಕಬೇಕಾಗಿದೆ. ಒಂದು ಕಾರಣ ಬಡತನ. ಇನ್ನೊಂದು, ಈ ಓದು ಇದೆ ಎಂಬುದೇ ಗೊತ್ತಿಲ್ಲದಿರುವುದು. 1951ರಿಂದ ಬಿ.ಡಿ.ಟಿ. ಕಾಲೇಜು ಇರುವ ಊರಾದ್ದರಿಂದ ನಮಗೆ ಇಂಜಿನಿಯರ್ ಎಂದರೆ ತಿಳಿಯುತ್ತದೆ; ಆರ್ಕಿಟೆಕ್ಟ್ ಎಂದರೆ ‘ಅದೇ ಸಿವಿಲ್ ಅಲ್ಲವೇ’ ಎನ್ನುತ್ತೇವೆ.

ಅದಲ್ಲ. ಕಟ್ಟಡ ಬೀಳದಂತೆ ಲೆಕ್ಕ ಹಾಕುವವರು ಸಿವಿಲ್ ಇಂಜಿನಿಯರ್. ಅಡುಗೆಮನೆಗೆ ಗಾಳಿ ಎಲ್ಲಿಂದ ಬರಬೇಕು, ವಜೂ ಮಾಡುವ ಜಾಗದಿಂದ ನಮಾಜಿನ ಸಾಲಿಗೆ ದಾರಿ ಹೇಗಿರಬೇಕು ಎಂದು ಯೋಚಿಸುವವರು ಆರ್ಕಿಟೆಕ್ಟ್. ಓದು ಐದು ವರ್ಷ, ಅದರಲ್ಲಿ ಒಬ್ಬ ಅನುಭವಿಯ ಕಚೇರಿಯಲ್ಲಿ ದುಡಿಯುವ ಅವಧಿಯೂ ಸೇರಿದೆ. ಪಾಠ ಬಾಯಿಪಾಠ ಮಾಡಿ ಪಾಸಾಗುವ ಕೋರ್ಸಲ್ಲ. ರಾತ್ರಿಯಿಡೀ ಬರೆದ ನಕ್ಷೆಯನ್ನು ಹಿರಿಯರ ಮುಂದೆ ಗೋಡೆಗೆ ಹಚ್ಚಿ, ಈ ಕಿಟಕಿ ಇಲ್ಲೇಕೆ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಇದಕ್ಕೆ ‘ಜ್ಯೂರಿ’ ಎನ್ನುತ್ತಾರೆ. ಹಳೆಯ ಕಟ್ಟಡಗಳನ್ನು ಇಂಚಿಂಚು ಅಳೆದು ಕಾಗದಕ್ಕೆ ಇಳಿಸುವುದೂ ಪಾಠವೇ. ಅದಕ್ಕೆ ನಮಗೆ ದೂರ ಹೋಗಬೇಕಿಲ್ಲ. ಹರಿಹರವಿದೆ, ಸಂತೆಬೆನ್ನೂರಿನಲ್ಲಿ ಹನುಮಪ್ಪ ನಾಯಕನ ಪುಷ್ಕರಣಿಯೂ, ಅದರ ಎದುರಿಗೇ ಬಿಜಾಪುರದ ರಣದುಲ್ಲಾ ಖಾನನ ಮುಸಾಫಿರ್‌ಖಾನೆಯೂ ಇವೆ. ಟೇಪು ಹಿಡಿಯುವುದು ಮೇಸ್ತ್ರಿಯ ಮಗನಿಗೆ, ಮಗಳಿಗೆ ಹೊಸದೇನಲ್ಲ.

ಬಿ.ಆರ್ಕ್. ಸೇರಲು ‘ನಾಟಾ’ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಚಿತ್ರ ಬಿಡಿಸುವ ಕೈಯನ್ನೂ ನೋಡುತ್ತಾರೆ. ಪಿಯುಸಿಯಲ್ಲಾಗಲಿ ಡಿಪ್ಲೊಮಾದಲ್ಲಾಗಲಿ ಗಣಿತ ಓದಿರಲೇಬೇಕು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ‘ಗಣಿತ ಕಷ್ಟ’ ಎಂದು ಮಗು ಅದನ್ನು ಬಿಡಲು ಹೊರಟಾಗ, ಸಹಿ ಹಾಕುವ ಮೊದಲು ಒಮ್ಮೆ ಅದರ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತೆರೆದು, ಅಲ್ಲಿ ಏನು ಬರೆದಿದೆ ನೋಡಿ.